ಸತ್ತವಳ ಹೆಸರೇನು?

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಅಡುಗೆಕಟ್ಟೆ ಒರೆಸಿ ಬಂದು ಕೂತರೆ ನನಗೂ ಎದುರು ಮನೆಯ ಟೀಚರಿಗೂ ಒಂದೇ ಚಿಂತೆ. "ಹೊಸದು ಏನಾದರೂ ಉಂಟಾ?" ಎಂದು ನಾನು; "ಇರೋದೆಲ್ಲ ಮುಗೀತಲ್ರೀ" ಎಂದು ಅವರು. ನಾನು ಘಟ್ಟದ ಕೆಳಗೆ, ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿ ಹಾಸನಕ್ಕೆ ಮದುವೆಯಾಗಿ ಬಂದವಳು. ಮೂವತ್ತು ವರ್ಷ ದಾಟಿದರೂ ನಾಲಿಗೆಯ ಮೇಲಿನ 'ಉಂಟು' ಹೋಗಿಲ್ಲ. ಅವರು ಪ್ರೈಮರಿ ಶಾಲೆಯಿಂದ ನಿವೃತ್ತರಾದವರು, ಹಾಸನದವರೇ. ನಮ್ಮ ಮಾತು ಕೇಳಿದವರು ಇವರು ಸೀರೆಯ ಬಗ್ಗೆಯೋ ಉಪ್ಪಿನಕಾಯಿಯ ಬಗ್ಗೆಯೋ ಮಾತಾಡುತ್ತಿದ್ದಾರೆ ಎಂದುಕೊಂಡಾರು. ನಾವು ಹುಡುಕುವುದು ಕೊಲೆಯ ಧಾರಾವಾಹಿಗಳನ್ನು! ನಮ್ಮವರು ಪೇಪರಿನ ಮರೆಯಿಂದಲೇ, "ಇಬ್ಬರೂ ಸೇರಿ ಯಾರನ್ನು ಮುಗಿಸಬೇಕು ಅಂತಿದ್ದೀರಿ?" ಎಂದು ಕೇಳುವುದುಂಟು.

ಹುಡುಕುವುದು ಸುಲಭವೇನಲ್ಲ. ಬೆಂಗಳೂರಿನಲ್ಲಿರುವ ಮಗಳು ಟಿ.ವಿ.ಗೆ ಅದೇನೇನೋ ಜೋಡಿಸಿ ಕೊಟ್ಟು ಹೋಗಿದ್ದಾಳೆ. ಒಂದು ನೋಡಿದರೆ ಸಾಕು, ಅದೇ ಜಾತಿಯ ಇನ್ನೂ ಹತ್ತು ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ಹತ್ತರ ಚಿತ್ರದಲ್ಲೂ ಒಬ್ಬ ಗಡ್ಡದ ಗಂಡಸು, ಹಿಂದೆ ಮಳೆ. ಯಾವುದನ್ನು ಒತ್ತುವುದು? ವರ್ಷಗಟ್ಟಲೆ ನೋಡಿ ನೋಡಿ ನಾನೊಂದು ಲೆಕ್ಕ ಮಾಡಿಕೊಂಡಿದ್ದೇನೆ. ಮೊದಲ ಕಂತಿನಲ್ಲಿ ಒಂದು ಹೆಣ ಬಿದ್ದೇ ಬೀಳುತ್ತದೆ, ಹೆಚ್ಚಾಗಿ ಹೆಂಗಸಿನದೇ. ಆಗ ನಾನು ಗೋಡೆಯ ಗಡಿಯಾರ ನೋಡುತ್ತೇನೆ. ಅವಳ ಹೆಸರು ಎಷ್ಟು ಹೊತ್ತಿಗೆ ಬರುತ್ತದೆ? ಹೆಸರಿನ ಹಿಂದೆಯೇ ಅವಳ ಮನೆ, ಅವಳ ಅಮ್ಮ, ಅವಳು ಒಗೆದು ಹಾಕಿದ್ದ ಬಟ್ಟೆ ಇವೆಲ್ಲ ಬರುತ್ತವೆಯೋ ಇಲ್ಲವೋ? ಬಂದರೆ ಆ ಧಾರಾವಾಹಿಯನ್ನು ಕೊನೆಯತನಕ ನೋಡುತ್ತೇವೆ. ಹೆಣದ ಸುತ್ತ ಗಂಡಸರು ಸಿಗರೇಟು ಸೇದುತ್ತಾ ಗಂಭೀರವಾಗಿ ನಿಂತೇ ಇದ್ದರೆ ಅಲ್ಲಿಗೆ ಬಿಟ್ಟುಬಿಡುತ್ತೇವೆ. ಟೀಚರು ಈ ಲೆಕ್ಕವನ್ನು ಮೊದಲು ನಕ್ಕು ತಳ್ಳಿಹಾಕಿದ್ದರು. ಈಗ ಗಡಿಯಾರವನ್ನು ನನಗಿಂತ ಮೊದಲೇ ನೋಡುತ್ತಾರೆ.

ನಾನು ಹುಡುಗಿಯಾಗಿದ್ದಾಗ ಇಂಥ ಲೆಕ್ಕ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಒಳಗಿಟ್ಟು ಓದಿದ ತಲೆಮಾರು ನಮ್ಮದು. ನಿಮ್ಮಲ್ಲಿ ಎಷ್ಟೋ ಮಂದಿ ಹಾಗೆ ಓದಿ ಬೈಸಿಕೊಂಡಿರಬಹುದು. ಆಮೇಲೆ 1985ರಲ್ಲಿ ದೂರದರ್ಶನದಲ್ಲಿ 'ಕರಮ್‌ಚಂದ್' ಬಂದಿತು. ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತಾ ಕೊಲೆಗಾರನನ್ನು ಹಿಡಿಯುತ್ತಿದ್ದ. ಅವನ ಸಹಾಯಕಿ ಕಿಟ್ಟಿಗೆ ಬಾಯಿ ಮುಚ್ಚಿಕೊಂಡಿರುವಂತೆ ಹೇಳಿಸಿಕೊಳ್ಳುವುದೇ ಕೆಲಸ. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದೇ ನಕ್ಕದ್ದು. 1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಬಂದಾಗ ಸ್ವಲ್ಪ ಗಂಭೀರರಾದೆವು. ಶರದಿಂದು ಬಂದೋಪಾಧ್ಯಾಯರ ಕತೆಗಳು, ಧೋತಿ ಉಟ್ಟ ರಜಿತ್ ಕಪೂರ್, ಹಳೆಯ ಕಲ್ಕತ್ತೆ. ಇವತ್ತಿಗೂ ನೋಡಬೇಕೆನಿಸುವಷ್ಟು ಚೆನ್ನಾಗಿದೆ. ಆದರೆ ಅವೆಲ್ಲ ಒಗಟುಗಳು. ಕೊಂದವನು ಯಾರು ಎಂಬುದಷ್ಟೇ ಪ್ರಶ್ನೆ. ಸತ್ತವರು ಪದಬಂಧದ ಮನೆಗಳಿದ್ದ ಹಾಗೆ, ತುಂಬಿಸಿದ ಮೇಲೆ ಮರೆತುಬಿಡಬಹುದು.

ಇವೆರಡರ ನಡುವೆ, 1989ರಿಂದ 91ರವರೆಗೆ, ಒಗಟಲ್ಲದ ಒಂದು ಬಂದಿತ್ತು: 'ಉಡಾನ್'. ಕವಿತಾ ಚೌಧರಿ ತಾನೇ ಬರೆದು, ತಾನೇ ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಎಂಬ ಪೊಲೀಸ್ ಅಧಿಕಾರಿಯಾಗಿ ತಾನೇ ನಟಿಸಿದ್ದಳು. ಸರ್ಫ್ ಜಾಹೀರಾತಿನ ಲಲಿತಾಜಿ ಎಂದರೆ ಬೇಗ ನೆನಪಾದೀತು, ಅವಳೇ ಇವಳು. ಕತೆ ಅವಳ ಸ್ವಂತ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕಿನಿಂದ ಹುಟ್ಟಿದ್ದು. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಡಿ.ಜಿ.ಪಿ. ಆದರು. ನಮ್ಮ ದೇಶದಲ್ಲಿ ಒಂದು ರಾಜ್ಯದ ಪೊಲೀಸರಿಗೆಲ್ಲ ಮುಖ್ಯಸ್ಥೆಯಾದ ಮೊದಲ ಹೆಂಗಸು ಅವರು. ಕವಿತಾ 2024ರ ಫೆಬ್ರವರಿಯಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಮಾತ್ರ ಅವಳಲ್ಲ, ಗುಡ್ಡೆಯ ಅಕ್ಕ.

ತವರುಮನೆಯಲ್ಲಿ ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಕಪ್ಪು ಬಿಳುಪು ಟಿ.ವಿ. ಇಟ್ಟಿದ್ದೆವು. ನೋಡಲು ಸುತ್ತಲಿನವರೆಲ್ಲ ಬರುತ್ತಿದ್ದರು. ಮೇಲಿನ ಗುಡ್ಡೆಯ ಮನೆಯಿಂದ ಬರುತ್ತಿದ್ದವಳನ್ನು ನಾವು ಗುಡ್ಡೆಯ ಅಕ್ಕ ಎನ್ನುತ್ತಿದ್ದೆವು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಚಾವಡಿಯ ಮೂಲೆಯಲ್ಲಿ ಕೂತರೆ ಕಣ್ಣು ಟಿ.ವಿ.ಯಲ್ಲಿ, ಬೆರಳು ಎಲೆಯಲ್ಲಿ. ಅವಳಿಗೆ ಹಿಂದಿ ಬಾರದು. ಕಾಲೇಜಿಗೆ ಹೋಗುತ್ತಿದ್ದ ನಾನು ಅರ್ಥ ಹೇಳಬೇಕಿತ್ತು. ಒಂದು ದಿನ ಕಲ್ಯಾಣಿ ಸಿಂಗ್ ಖಾಕಿ ತೊಟ್ಟು ನಿಂತಾಗ ಅವಳು ಮೆಲ್ಲಗೆ ಕೇಳಿದ್ದಳು: "ಪೊಲೀಸ್ ಆದರೆ ಮದುವೆಗೆ ಚಿನ್ನ ಹಾಕಬೇಕೂಂತ ಇಲ್ಲ ಅಲ್ವಾ?"

ಒಂದು ಮಳೆಗಾಲದಲ್ಲಿ ಅವಳು ಬರುವುದು ನಿಂತಿತು. "ಯಾರ ಜೊತೆಗೋ ಹೋದಳಂತೆ" ಎಂದರು. ಕೇಳಿದವರಿಗೆ ನಾನೂ ಹಾಗೆಯೇ ಹೇಳಿದೆ.

1998ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಓಡಿದ 'ಸಿ.ಐ.ಡಿ.'ಯ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಎ.ಸಿ.ಪಿ. ಪ್ರದ್ಯುಮ್ನ ಬೆರಳು ತಿರುಗಿಸುವುದು, ದಯಾ ಬಾಗಿಲು ಮುರಿಯುವುದು. ನಮ್ಮ ಮಗಳು ಊಟ ಮಾಡಿದ್ದೇ ಅದನ್ನು ನೋಡಿಕೊಂಡು.

ಆ ಮಗಳೇ ದೊಡ್ಡವಳಾಗಿ ನನಗೊಂದು ಹಳೆಯ ಇಂಗ್ಲಿಷ್ ಧಾರಾವಾಹಿ ಹುಡುಕಿಕೊಟ್ಟಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಕೆಳಗೆ ಬರುವ ಅಕ್ಷರಗಳನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನವನು ಮಾತಾಡಿ ಆಗಿರುತ್ತದೆ. ಟೀಚರು ರಿಮೋಟ್ ಹಿಡಿದು ನಿಲ್ಲಿಸುವುದು, ನಾನು ಓದಿ ಹೇಳುವುದು, ಹೀಗೆ ಒಂದು ಗಂಟೆಯ ಕಂತು ನಮಗೆ ಎರಡು ಗಂಟೆ. ಆದರೂ ಬಿಡಲಿಲ್ಲ. ಆ ಧಾರಾವಾಹಿ 'ಪ್ರೈಮ್ ಸಸ್ಪೆಕ್ಟ್', 1991ರದ್ದು. ಗುಡ್ಡೆಯ ಅಕ್ಕ ನಮ್ಮ ಚಾವಡಿಯಲ್ಲಿ ಕೂತು ಕಲ್ಯಾಣಿ ಸಿಂಗಳನ್ನು ನೋಡುತ್ತಿದ್ದ ಕಾಲವೇ ಅದು.

ಬ್ರಿಟನ್ನಿನವರೂ ಸುಮ್ಮನೆ ಅಲ್ಲಿಗೆ ಬಂದು ಮುಟ್ಟಿದವರಲ್ಲ. 1955ರಿಂದ ಬಿ.ಬಿ.ಸಿ.ಯಲ್ಲಿ 'ಡಿಕ್ಸನ್ ಆಫ್ ಡಾಕ್ ಗ್ರೀನ್' ಎಂಬುದು ಬರುತ್ತಿತ್ತು. ಡಿಕ್ಸನ್ ಎಂಬ ಅಜ್ಜನಂಥ ಪೊಲೀಸಪ್ಪ ನೋಡುವವರಿಗೆ ನಮಸ್ಕಾರ ಹೇಳಿ, ಕೊನೆಗೆ ಒಂದು ಬುದ್ಧಿಮಾತು ಹೇಳಿ ಹೋಗುತ್ತಿದ್ದ. 1962ರ ಜನವರಿಯಲ್ಲಿ 'ಝಡ್ ಕಾರ್ಸ್' ಶುರುವಾದಾಗ ಮೊದಲ ಕಂತಿನಲ್ಲೇ ಒಬ್ಬ ಪೇದೆಯ ಹೆಂಡತಿ ಕಪ್ಪುಗಟ್ಟಿದ ಕಣ್ಣಿನಲ್ಲಿ ಕಾಣಿಸಿಕೊಂಡಳು. ಹೊಡೆದವನು ಗಂಡ, ಅಂದರೆ ಪೊಲೀಸ್. ಅಲ್ಲಿನ ಪೊಲೀಸ್ ದೊರೆಗಳಿಗೆ ಸಿಟ್ಟು ಬಂದಿತು. ಕಟು ವಾಸ್ತವದ ಧಾರಾವಾಹಿ ಎಂದು ಈಗ ಹೇಳುತ್ತಾರಲ್ಲ, ಅದರ ಒಂದು ಮೂಲ ಇಲ್ಲಿದೆ. ರಕ್ತ ಹರಿದದ್ದರಿಂದ ಅದು ಕಟುವಾದದ್ದಲ್ಲ, ಒಬ್ಬ ಹೆಂಗಸಿನ ಮುಖದ ಮೇಲಿನ ಕಪ್ಪು ಕಲೆಯಿಂದ. 1980ರ ಹೊತ್ತಿಗೆ ಅಲ್ಲಿ 'ದಿ ಜೆಂಟಲ್ ಟಚ್', 'ಜೂಲಿಯೆಟ್ ಬ್ರಾವೊ' ಎಂದು ಹೆಂಗಸರೇ ಮುಖ್ಯ ಪೊಲೀಸ್ ಪಾತ್ರದಲ್ಲಿರುವ ಎರಡು ಧಾರಾವಾಹಿಗಳು ಬಂದವು.

'ಪ್ರೈಮ್ ಸಸ್ಪೆಕ್ಟ್' ಬರೆದವರು ಲಿಂಡಾ ಲಾ ಪ್ಲಾಂಟ್. ಲಂಡನ್ ಪೊಲೀಸರಲ್ಲಿ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್ ದರ್ಜೆಗೆ ಏರಿದ ಹೆಂಗಸರು ಆಗ ಬೆರಳೆಣಿಕೆಯಷ್ಟು. ಅವರಲ್ಲಿ ಜಾಕಿ ಮಾಲ್ಟನ್ ಎಂಬುವರ ಜೊತೆ ಕೂತು, ಅವರು ದಿನವೂ ಏನೇನು ನುಂಗಿಕೊಳ್ಳುತ್ತಾರೆ ಎಂದು ಕೇಳಿ ತಿಳಿದು ಬರೆದರು. ಹೆಲೆನ್ ಮಿರೆನ್ ಜೇನ್ ಟೆನಿಸನ್ ಆದಳು. ಕತೆಯ ಆರಂಭದಲ್ಲಿ ಒಬ್ಬ ಹುಡುಗಿಯ ಕೊಲೆಯಾಗಿದೆ, ತನಿಖೆ ನಡೆಸುತ್ತಿದ್ದ ಗಂಡಸು ಅಧಿಕಾರಿ ಹೃದಯಾಘಾತದಿಂದ ಸಾಯುತ್ತಾನೆ. ಅವನ ಜಾಗಕ್ಕೆ ಟೆನಿಸನ್ ಬಂದಾಗ ಠಾಣೆಯ ಗಂಡಸರೆಲ್ಲ ಮುಖ ತಿರುಗಿಸುತ್ತಾರೆ. ಅವಳು ಕಡತ ಓದುತ್ತಾಳೆ, ಹೆಣ ನೋಡುತ್ತಾಳೆ, ಕೊನೆಗೆ ಒಂದು ಮಾತು ಹೊರಬರುತ್ತದೆ: ಇವರೆಲ್ಲ ಇಷ್ಟು ಹೊತ್ತು ಹೇಳುತ್ತಿದ್ದ ಹೆಸರು ಸತ್ತವಳದ್ದೇ ಅಲ್ಲ! ಬೇರೆ ಯಾರದೋ ಹೆಸರು ಬರೆದುಕೊಂಡು ಕೂತಿದ್ದಾರೆ. ಬೀದಿಯ ಹೆಂಗಸು ಎಂದುಕೊಂಡ ಮೇಲೆ ಯಾವಳಾದರೇನು ಎಂಬ ಉದಾಸೀನ.

ಅಲ್ಲಿ ಟೀಚರು ರಿಮೋಟ್ ಒತ್ತಿ ನಿಲ್ಲಿಸಿದರು. ಓದುವುದಕ್ಕೆ ಏನೂ ಇರಲಿಲ್ಲ, ಸುಮ್ಮನೆ ನಿಲ್ಲಿಸಿದರು. ನನ್ನ ಗಡಿಯಾರದ ಲೆಕ್ಕ ಹುಟ್ಟಿದ್ದು ಆ ಮಧ್ಯಾಹ್ನ.

ಟೆನಿಸನ್ನಳಿಗೆ ಮನೆಯೂ ಇದೆ. ಜೊತೆಗಿರುವವನು ತನ್ನ ವ್ಯವಹಾರದವರನ್ನು ಊಟಕ್ಕೆ ಕರೆದ ದಿನ ಇವಳು ಕೆಲಸದಿಂದ ತಡವಾಗಿ ಬರುತ್ತಾಳೆ. ಮುಂದೆ ಅವನು ಗಂಟುಮೂಟೆ ಕಟ್ಟಿ ಹೋಗುತ್ತಾನೆ. "ಇದಕ್ಕೆ ಇಂಗ್ಲಿಷು ಓದಬೇಕಾ?" ಎಂದರು ಟೀಚರು. 2006ರವರೆಗೆ ಏಳು ಭಾಗಗಳಲ್ಲಿ ಆ ಧಾರಾವಾಹಿ ನಡೆಯಿತು. ಕೊನೆಯ ಭಾಗದಲ್ಲಿ ಟೆನಿಸನ್ ಕುಡಿತಕ್ಕೆ ಬಿದ್ದಿರುತ್ತಾಳೆ. ಅವಳನ್ನು ದೇವಿಯನ್ನಾಗಿ ಮಾಡದೆ ಬಿಟ್ಟದ್ದು ನನಗೆ ಇಷ್ಟವಾಯಿತು.

ಡೆನ್ಮಾರ್ಕಿನ 'ಫೋರ್‌ಬ್ರಿಡೆಲ್ಸೆನ್' ಬಂದದ್ದು 2007ರಲ್ಲಿ. ಹೆಸರಿಗೆ 'ಅಪರಾಧ' ಎಂದು ಅರ್ಥ. ಇಪ್ಪತ್ತು ಕಂತು, ಇಪ್ಪತ್ತು ದಿನ, ಒಂದೇ ಕೊಲೆ. ಅದರ ಅಧಿಕಾರಿ ಸಾರಾ ಲುಂಡ್ ಹಾಕಿಕೊಳ್ಳುವ ಫಾರೋ ದ್ವೀಪದ ಉಣ್ಣೆಯ ಸ್ವೆಟರು ಎಷ್ಟು ಹೆಸರಾಯಿತೆಂದರೆ, ಅಂಥದ್ದೇ ಬೇಕೆಂದು ಬ್ರಿಟನ್ನಿನ ಹೆಂಗಸರೆಲ್ಲ ಕೇಳತೊಡಗಿದರು. ಹೆಣಿಗೆ ಬಲ್ಲ ನಮ್ಮ ಟೀಚರು ಅದರ ಮಾದರಿಯನ್ನು ಲೆಕ್ಕ ಹಾಕುತ್ತಾ ಎರಡು ಕಂತಿನ ಕತೆಯನ್ನೇ ಕಳೆದುಕೊಂಡರು. ನನಗೆ ಉಳಿದದ್ದು ಸ್ವೆಟರಲ್ಲ. ಸತ್ತ ಹುಡುಗಿಯ ಅಪ್ಪ ಅಮ್ಮನ ಅಡುಗೆಮನೆ. ಮಗಳು ಹೋದ ಮೇಲೂ ಉಳಿದ ಮಕ್ಕಳಿಗೆ ಊಟ ಬಡಿಸಬೇಕು, ಬಾಡಿಗೆ ಕಟ್ಟಬೇಕು. ಬೇರೆ ಧಾರಾವಾಹಿಗಳಲ್ಲಿ ತಾಯಿಯ ಅಳು ಒಂದು ನಿಮಿಷ. ಇಲ್ಲಿ ಅದು ಇಪ್ಪತ್ತು ದಿನವೂ ಇರುತ್ತದೆ, ಅಳು ನಿಂತ ಮೇಲೂ ಇರುತ್ತದೆ.

ನಮ್ಮಲ್ಲಿ ಆ ಬಗೆಯದ್ದು ಬರಲು 2019ರವರೆಗೆ ಕಾಯಬೇಕಾಯಿತು. ರಿಚಿ ಮೆಹ್ತಾ ಅವರ 'ಡೆಲ್ಲಿ ಕ್ರೈಂ' 2012ರ ಡಿಸೆಂಬರಿನ ದಿಲ್ಲಿಯ ಪ್ರಕರಣದ ತನಿಖೆಯನ್ನು ಏಳು ಕಂತುಗಳಲ್ಲಿ ಹೇಳುತ್ತದೆ. ಶೆಫಾಲಿ ಶಾ ಮಾಡಿದ ಪಾತ್ರದ ಹಿಂದೆ ಆಗ ದಕ್ಷಿಣ ದಿಲ್ಲಿಯ ಡಿ.ಸಿ.ಪಿ. ಆಗಿದ್ದ ಛಾಯಾ ಶರ್ಮಾ ಇದ್ದಾರೆ. ಅತ್ಯಾಚಾರವನ್ನು ಒಂದು ಕ್ಷಣವೂ ತೋರಿಸದೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರ ಮುಖ ತೋರಿಸಿದರು. 2020ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂದಿತು. ಅತ್ಯುತ್ತಮ ಡ್ರಾಮಾ ಎಂಬ ಆ ಪ್ರಶಸ್ತಿ ಭಾರತದ ಧಾರಾವಾಹಿಗೆ ಬಂದದ್ದು ಅದೇ ಮೊದಲು.

ಆಮೇಲೆ 2023ರ ಮೇ ತಿಂಗಳಲ್ಲಿ 'ದಹಾಡ್'. ಮಗಳೇ ಫೋನ್ ಮಾಡಿ ಹೇಳಿದಳು, "ಅಮ್ಮಾ, ಹೊಸದು ಬಂದಿದೆ, ರೀಮಾ ಕಾಗ್ತಿ, ಜೋಯಾ ಅಖ್ತರ್ ಇಬ್ಬರೂ ಹೆಂಗಸರೇ ಮಾಡಿದ್ದು, ನೋಡು." ಕತೆ ರಾಜಸ್ಥಾನದ ಮಂಡಾವಾದಲ್ಲಿ ನಡೆಯುತ್ತದೆ. ಸೋನಾಕ್ಷಿ ಸಿನ್ಹಾ ಅಂಜಲಿ ಭಾಟಿ ಎಂಬ ಎಸ್.ಐ. ಕೆಳಜಾತಿಯವಳೆಂದು ಅವಳು ಎದುರಿಗೆ ಹಾದುಹೋದರೆ ಸಾಕು, ಠಾಣೆಯಲ್ಲೇ ಒಬ್ಬ ಊದುಬತ್ತಿ ಹಚ್ಚುತ್ತಾನೆ. ಒಬ್ಬ ಬಡವ ತನ್ನ ತಂಗಿ ಕಾಣೆಯಾಗಿದ್ದಾಳೆಂದು ಬರುತ್ತಾನೆ, ಯಾರೂ ಕೇಳುವುದಿಲ್ಲ. ಮೇಲುಜಾತಿಯ ಹುಡುಗಿಯೊಬ್ಬಳು ಮುಸ್ಲಿಂ ಹುಡುಗನ ಜೊತೆ ಹೋದಾಗ ಊರಿಗೆ ಊರೇ ಏಳುತ್ತದೆ. ಅದನ್ನು ಕಂಡ ಅಣ್ಣ ತನ್ನ ತಂಗಿಯೂ ಹಾಗೆಯೇ ಹೋದದ್ದೆಂದು ಸುಳ್ಳು ಹೇಳುತ್ತಾನೆ. ಆಗ ದೂರು ದಾಖಲಾಗುತ್ತದೆ! ತನಿಖೆ ಹೊರಟರೆ ಒಬ್ಬಳಲ್ಲ, ಇಬ್ಬರಲ್ಲ. ಊರೂರಿನ ಸಾರ್ವಜನಿಕ ಶೌಚಾಲಯಗಳಲ್ಲಿ ಮದುವಣಗಿತ್ತಿಯರಂತೆ ಸಿಂಗರಿಸಿಕೊಂಡ ಹೆಣಗಳು.

ಎರಡನೆಯ ಕಂತು ಮುಗಿಯುವಷ್ಟರಲ್ಲಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಇದು ರಾಜಸ್ಥಾನದ್ದಲ್ಲ. ಇದು ನಮ್ಮೂರಿನದು.

ನಿಮಗೂ ನೆನಪಿರಬಹುದು, 2009ರ ಅಕ್ಟೋಬರಿನಲ್ಲಿ ದಕ್ಷಿಣ ಕನ್ನಡದ ಪೊಲೀಸರು ಒಬ್ಬ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕನನ್ನು ಹಿಡಿದರು. ಆಮೇಲೆ ಪತ್ರಿಕೆಗಳು ಅವನನ್ನು ಸಯನೈಡ್ ಮೋಹನ್ ಎಂದವು. ಮದುವೆಯ ವಯಸ್ಸು ಮೀರುತ್ತಿರುವ, ವರದಕ್ಷಿಣೆ ಕೊಡಲಾಗದ ಮನೆಯ ಹುಡುಗಿಯರನ್ನು ಹುಡುಕಿ ಪರಿಚಯ ಮಾಡಿಕೊಳ್ಳುತ್ತಿದ್ದ. ಅವಳ ಜಾತಿ ಯಾವುದೋ ಇವನ ಹೆಸರೂ ಆ ಜಾತಿಯದ್ದೇ. ವರದಕ್ಷಿಣೆ ಬೇಡ, ಮದುವೆಯಾಗೋಣ, ಇದ್ದ ಒಡವೆ ಹಾಕಿಕೊಂಡು ಬಾ. ದೂರದ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದು, ಗರ್ಭ ನಿಲ್ಲದಿರಲು ಎಂದು ಗುಳಿಗೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ತೆಗೆದುಕೋ ಎನ್ನುತ್ತಿದ್ದ. ಗುಳಿಗೆಯಲ್ಲಿ ಸಯನೈಡ್. ಅವಳು ಒಳಗಿನಿಂದ ಚಿಲಕ ಹಾಕಿಕೊಂಡೇ ಸಾಯುತ್ತಿದ್ದಳು. ಹೀಗೆ ಇಪ್ಪತ್ತು ಮಂದಿ. ಮೈಸೂರು, ಬೆಂಗಳೂರು, ಹಾಸನ.

ಹೌದು, ಹಾಸನ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಹುಡುಗಿ ಸತ್ತದ್ದು ನಮ್ಮ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ. ತವರಿನಿಂದ ಹಲಸಿನ ಹಪ್ಪಳ, ಕೊಬ್ಬರಿ ಎಣ್ಣೆ ಹೊತ್ತುಕೊಂಡು, ಶಿರಾಡಿ ಘಾಟಿ ಹತ್ತಿ ಬಂದು ನಾನು ಇಳಿಯುತ್ತಿದ್ದ ಊರು. ನಾನು ಬಂದ ದಾರಿಯಲ್ಲೇ ಅವಳೂ ಬಂದಿದ್ದಳು.

ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಹೇಗೆ ಉಳಿಯಿತು ಎಂದು ಆಗ ಎಲ್ಲರೂ ಕೇಳಿದ್ದೇ. ಉಳಿದದ್ದು ಅವನ ಜಾಣತನದಿಂದಲ್ಲ. ಹೆಣ ಸಿಕ್ಕಿದ ಊರಿನ ಠಾಣೆಯಲ್ಲಿ ಅದು ಗುರುತು ಸಿಗದ ಹೆಂಗಸಿನ ಅಸಹಜ ಸಾವು, ಆತ್ಮಹತ್ಯೆ ಇರಬೇಕು ಎಂದು ಒಂದು ಕಡತ. ಅವಳು ಹೊರಟ ಊರಿನ ಠಾಣೆಯಲ್ಲಿ ಕಾಣೆಯಾದವಳು ಎಂದು ಇನ್ನೊಂದು ಕಡತ. ಎಷ್ಟೋ ಮನೆಗಳವರು ಮಾನಕ್ಕೆ ಅಂಜಿ ಅದನ್ನೂ ಕೊಟ್ಟಿರಲಿಲ್ಲ. ಎರಡು ಕಡತಗಳು ಒಂದನ್ನೊಂದು ನೋಡಲೇ ಇಲ್ಲ. ಕೊನೆಯಲ್ಲಿ ಆ ಬಂಟ್ವಾಳದ ಹುಡುಗಿಯ ಊರಿನವರು ಠಾಣೆಯ ಮುಂದೆ ಗಲಾಟೆ ಮಾಡಿದರು. ಅನ್ಯಮತದವನು ಕರೆದುಕೊಂಡು ಹೋದನೆಂಬ ಗುಮಾನಿ ಹಬ್ಬಿತ್ತು. ಗುಮಾನಿ ಸುಳ್ಳು, ಆದರೆ ತನಿಖೆ ಓಡಿದ್ದು ಅದರಿಂದಲೇ. ಅವಳ ಫೋನಿನ ಕರೆಗಳನ್ನು ತೆಗೆದು ನೋಡಿದರೆ ಒಂದು ನಂಬರು, ಅದು ಇನ್ನೊಬ್ಬ ಹೆಂಗಸಿನ ಹೆಸರಿನಲ್ಲಿ. ಅವಳ ಮನೆಗೆ ಹೋದರೆ ಅವಳೂ ಕಾಣೆಯಾದವಳು. ಅವಳ ಫೋನಿನಿಂದ ಮತ್ತೊಬ್ಬಳು, ಅವಳೂ ಇಲ್ಲ. ಸತ್ತವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಪೊಲೀಸರನ್ನು ಅವನ ಬಾಗಿಲಿಗೆ ಕರೆದುಕೊಂಡು ಹೋದ ಹಾಗೆ ನನಗೆ ಕಾಣುತ್ತದೆ.

2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ಹಾಸನದಲ್ಲಿ ಸತ್ತವಳ ಪ್ರಕರಣದಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ. ಹನ್ನೊಂದು ವರ್ಷ ಒಂದೊಂದಾಗಿ ಒಂದೊಂದಾಗಿ ಅವರ ಹೆಸರು ಕೋರ್ಟಿನಲ್ಲಿ ಕೂಗಲಾಯಿತು.

ಮಂಗಳೂರಿನ ತೀರ್ಪಿಗೆ ಒಂದು ತಿಂಗಳ ಹಿಂದೆ, 2013ರ ನವೆಂಬರ್ 12ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮಾತು ಹೇಳಿತ್ತು: ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ಬರೆದುಕೊಳ್ಳಲೇಬೇಕು, ಪೊಲೀಸರ ಇಷ್ಟಕ್ಕೆ ಬಿಟ್ಟದ್ದಲ್ಲ. ಆ ಪ್ರಕರಣವೂ ಒಬ್ಬ ಹುಡುಗಿಯ ಅಪಹರಣದ ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳದ ಕಾರಣಕ್ಕೇ ದಿಲ್ಲಿಗೆ ಹೋದದ್ದು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಬರೆದೇ ಇದೆ. ಇದನ್ನು ಗಂಡಸರು ಹೇಗಾದರೂ ತಿಳಿದಿರುತ್ತಾರೆ, ನಾವು ತಿಳಿದಿರಬೇಕೆಂದು ಇಲ್ಲಿ ಬರೆದೆ. 'ದಹಾಡ್'ನಲ್ಲಿ ಕೊಲೆಗಾರ ಹಿಂದಿ ಪ್ರೊಫೆಸರ್, ಅಕ್ಕಸಾಲಿಗರ ಮನೆಯವನು. ವಿಜಯ್ ವರ್ಮಾ ಎಷ್ಟು ಮೆತ್ತಗೆ ಮಾತಾಡುತ್ತಾನೆಂದರೆ, "ಇವನು ನನ್ನ ತಂಗಿಯನ್ನು ನೋಡಲು ಬಂದಿದ್ದರೆ ನಾನೇ ಹೂಂ ಅಂತಿದ್ದೆ" ಎಂದರು ಟೀಚರು.

ಎಂಟೂ ಕಂತು ಮುಗಿದ ಸಂಜೆ ನಾನು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಗುಡ್ಡೆಯ ಅಕ್ಕ ಹೋದದ್ದು ಮೋಹನನ ಕಾಲಕ್ಕೂ ಎಷ್ಟೋ ಮೊದಲು. ಅವಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಎಲ್ಲೋ ಚೆನ್ನಾಗಿ ಸಂಸಾರ ಮಾಡಿಕೊಂಡು, ಮೊಮ್ಮಕ್ಕಳನ್ನು ಎತ್ತಿಕೊಂಡು ಇರಲೂಬಹುದು. ಆದರೂ ಕೇಳಿದೆ, "ಅಮ್ಮಾ, ಆ ಗುಡ್ಡೆಯ ಅಕ್ಕನ ಹೆಸರೆಂತ?"

"ಯಾರು? ಬೀಡಿ ಕಟ್ಟುತ್ತಿದ್ದವಳಾ? ಗುಡ್ಡೆಯವಳು ಅಂತಲೇ ಕರೆಯುವುದಲ್ವಾ. ಹೆಸರು ಎಂತದೋ ಇತ್ತು ಮಾರಾಯ್ತಿ. ಬೀಡಿಯ ಪಾಸ್‌ಬುಕ್ಕಿನಲ್ಲಿ ಬರೆದಿರ್ತಿತ್ತು."

"ಮನೆಯವರು ಪೊಲೀಸಿಗೆ ಹೇಳಿದ್ದರಾ?"

"ಪೊಲೀಸಿಗಾ? ತಾಯಿ ಒಬ್ಬಳೇ ಇದ್ದದ್ದು, ಅವಳಿಗೆ ಕಣ್ಣು ಸಮ ಕಾಣುತ್ತಿರಲಿಲ್ಲ. ಓಡಿಹೋದವಳ ಬಗ್ಗೆ ಎಂತ ಹೇಳುವುದು?" ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಕಟ್ಟಾಯಿತೇನೋ ಎಂದುಕೊಂಡೆ. "ನನ್ನದೊಂದು ಹಸಿರು ವಾಯಿಲ್ ಸೀರೆ ಕೇಳಿ ಉಟ್ಟುಕೊಂಡು ಹೋದದ್ದು ಅವಳು. ಸೋಮವಾರ ಒಗೆದು ತಂದು ಕೊಡ್ತೇನೆ ಅಂದಿದ್ದಳು."

"ಈ ಸೀರೆಯ ವಿಷಯ ಆಗ ಯಾರಿಗಾದರೂ ಹೇಳಿದ್ಯಾ ಅಮ್ಮಾ?"

"ಯಾರು ಕೇಳಿದ್ದಾರೆ?" ಎಂದಳು ಅಮ್ಮ.